ಸುಗ್ಗಿಗೆ ಹೋದವರ ಮಕ್ಕಳು: ನಮ್ಮ ಸೀಮೆಯ ಬಡತನದಲ್ಲಿ ಭಾಷೆಯ ಪಾಲೆಷ್ಟು?



ಸುಗ್ಗಿ ಎಂದರೆ ಬೆಳೆ ಮನೆಗೆ ಬರುವ ಕಾಲ ಎಂದು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಆದರೆ ನಮ್ಮ ಎಮ್ಮಿಗನೂರು, ಕೋಸಿಗಿ, ಕೌತಾಳಂ, ಪೆದ್ದಕಡಬೂರು ಸೀಮೆಯಲ್ಲಿ ಈ ಮಾತಿಗೆ ಬೇರೆ ಅರ್ಥ ಬಂದಿದೆ. ಇಲ್ಲಿ "ಸುಗ್ಗಿಗೆ ಹೋಗ್ಯಾರ" ಅಂದರೆ ಮನೆಗೆ ಬೀಗ ಹಾಕಿ, ಪಾತ್ರೆ ಪಡಗ ಕಟ್ಟಿಕೊಂಡು, ಬೇರೆಯವರ ಹೊಲದ ಸುಗ್ಗಿ ಮಾಡಲು ಊರು ಬಿಟ್ಟಿದ್ದಾರೆ ಎಂದರ್ಥ. ಗುಂಟೂರು ಕಡೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು, ಬೆಂಗಳೂರು, ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ನಮ್ಮ ತೆಲುಗು ನೆರೆಯವರೂ ಇದೇ ಮಾತನ್ನು ಇದೇ ಅರ್ಥದಲ್ಲಿ ಬಳಸುತ್ತಾರೆ.

ದೀಪಾವಳಿ ಮುಗಿದ ಮೇಲೆ ನಮ್ಮ ಹಳ್ಳಿಯ ಯಾವುದೇ ಶಾಲೆಯಲ್ಲಿ ಹಾಜರಿ ಕರೆಯುವಾಗ ಈ ಮಾತು ಕೇಳಿಸುತ್ತದೆ.

"ಯಾಕಪ್ಪಾ, ನಿಮ್ಮ ಅಕ್ಕ ಸಾಲಿಗೆ ಬಂದಿಲ್ಲ?"

"ಸುಗ್ಗಿಗೆ ಹೋಗ್ಯಾಳ್ರಿ ಸಾರ್."

ಆ ಅಕ್ಕ ಮತ್ತೆ ಶಾಲೆಗೆ ಬರುವುದು ಯುಗಾದಿಯ ಹೊತ್ತಿಗೆ. ಕೆಲವರು ಬರುವುದೇ ಇಲ್ಲ.

ಸಂಘದ ಸಭೆಗಳಲ್ಲಿ ಈ ವಿಷಯ ಬಂದಾಗಲೆಲ್ಲ ಎರಡು ವಾದ ಕೇಳುತ್ತೇವೆ. "ನಾವು ಆಂಧ್ರದಲ್ಲಿ ಉಳಿದ ಕನ್ನಡಿಗರು, ಅದಕ್ಕೇ ಹಿಂದೆ ಬಿದ್ದಿದ್ದೇವೆ" ಎನ್ನುತ್ತಾರೆ ಕೆಲವರು. "ಮಳೆಗೆ ಭಾಷೆ ಗೊತ್ತಾಗುತ್ತದೆಯೇ? ತೆಲುಗಿನವನೂ ನಮ್ಮ ಜೊತೆಯೇ ಗುಂಟೂರಿನ ಲಾರಿ ಹತ್ತುತ್ತಾನಲ್ಲ" ಎನ್ನುತ್ತಾರೆ ಇನ್ನು ಕೆಲವರು. ಎರಡರಲ್ಲೂ ನಿಜವಿದೆ. ಬಡತನದಲ್ಲಿ ಎಷ್ಟು ಪಾಲು ನೆಲದ್ದು, ಎಷ್ಟು ಭಾಷೆಯದ್ದು, ಎಷ್ಟು ಕಾಗದಪತ್ರದ್ದು ಎಂದು ಬಿಡಿಸಿ ನೋಡದಿದ್ದರೆ ನಾವು ಕೇಳಬೇಕಾದ್ದನ್ನು ಕೇಳಬೇಕಾದ ಕಡೆ ಕೇಳಲಾರೆವು. ಹಾಗೆ ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

1953ರ ಗೆರೆ

ಹೊಸ ತಲೆಮಾರಿನವರಿಗಾಗಿ ಹಳೆಯ ಸಂಗತಿಯನ್ನು ಚಿಕ್ಕದಾಗಿ ಹೇಳುತ್ತೇವೆ. ಸ್ವಾತಂತ್ರ್ಯ ಬಂದಾಗ ಎಮ್ಮಿಗನೂರು ಇದ್ದದ್ದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯ ಆದೋನಿ ತಾಲೂಕಿನಲ್ಲಿ. ಆದೋನಿಯನ್ನು ಹಿರಿಯರು ಈಗಲೂ ಆದವಾನಿ ಎನ್ನುತ್ತಾರೆ. 1953ರ ಅಕ್ಟೋಬರ್ 1ರಂದು ಕರ್ನೂಲು ರಾಜಧಾನಿಯಾಗಿ ಆಂಧ್ರ ರಾಜ್ಯ ಹುಟ್ಟಿತು. ಅಂದೇ ಬಳ್ಳಾರಿ ಜಿಲ್ಲೆ ಎರಡು ಪಾಲಾಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಸೇರಿದವು.

ತಾಲೂಕನ್ನು ಒಂದು ಘಟಕವಾಗಿ ಹಿಡಿದು, ಅಲ್ಲಿ ಯಾವ ಭಾಷೆಯವರು ಹೆಚ್ಚು ಎಂದು ನೋಡಿ ಗೆರೆ ಎಳೆದರು. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಿತ್ತು. ಆದರೆ ಹಳ್ಳಿಗಳು ತಾಲೂಕಿನ ಲೆಕ್ಕಕ್ಕೆ ಸಿಗುವುದಿಲ್ಲ. ಕೌತಾಳಂ, ಹೊಳಗುಂದ, ಹಾಲಹರ್ವಿ, ಕೋಸಿಗಿ ಕಡೆಯ ಅನೇಕ ಊರುಗಳಲ್ಲಿ ಮನೆಮಾತು ಕನ್ನಡವಾಗಿಯೇ ಉಳಿಯಿತು. ಹೆಣ್ಣು ಕೊಟ್ಟು ತರುವ ಸಂಬಂಧ ಸಿರುಗುಪ್ಪ, ಬಳ್ಳಾರಿ, ರಾಯಚೂರು ಕಡೆಗೇ ಇತ್ತು. 1985ರಲ್ಲಿ ಆಂಧ್ರದಲ್ಲಿ ತಾಲೂಕು ಹೋಗಿ ಮಂಡಲ ಬಂತು. 2022ರ ಏಪ್ರಿಲ್ 4ರಂದು ನಂದ್ಯಾಲ ಬೇರೆ ಜಿಲ್ಲೆಯಾಯಿತು. ಈ ಕೊನೆಯ ಬದಲಾವಣೆ ನಮಗೆ ಮುಖ್ಯ. ಕನ್ನಡಿಗರು ಹೆಚ್ಚಾಗಿ ಇರುವುದು ಪಶ್ಚಿಮದ ಮಂಡಲಗಳಲ್ಲಿ. ಪೂರ್ವದ ಭಾಗ ಬೇರೆಯಾದ ಮೇಲೆ ಈಗಿನ ಕರ್ನೂಲು ಜಿಲ್ಲೆಯಲ್ಲಿ ನಮ್ಮ ಪ್ರಮಾಣ ಮೊದಲಿಗಿಂತ ಹೆಚ್ಚಾಗಿದೆ. ಇದರಿಂದ ಏನು ಪ್ರಯೋಜನ ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ನೆಲ, ನೀರು, ಮಗ್ಗ: ಇವು ಎಲ್ಲರಿಗೂ ಒಂದೇ

ಮೊದಲು ಭಾಷೆಗೆ ಸಂಬಂಧವಿಲ್ಲದ ಕಾರಣಗಳನ್ನು ನೋಡೋಣ. ನಮ್ಮದು ಮಳೆ ನೆರಳಿನ ಸೀಮೆ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಅದೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಹೆಚ್ಚು ಸಾವು ನೋವು ಕಂಡ ಸೀಮೆಗಳಲ್ಲಿ ಬಳ್ಳಾರಿ, ಕರ್ನೂಲು ಜಿಲ್ಲೆಗಳೂ ಇದ್ದವು. ಎರೆ ಹೊಲದಲ್ಲಿ ಹತ್ತಿ, ಜೋಳ, ಕಡಲೆ, ಮಸಾರಿಯಲ್ಲಿ ಶೇಂಗಾ ಬಿತ್ತಿ ಮುಗಿಲು ನೋಡುವುದು ನಮ್ಮ ಬಹುಪಾಲು ರೈತರ ಬಾಳು.

ಇದಕ್ಕೆ ಪರಿಹಾರವಾಗಿ ಬಂದದ್ದು ತುಂಗಭದ್ರೆ. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟ ಕೆಳಮಟ್ಟದ ಕಾಲುವೆ, ಅಂದರೆ ನಾವೆಲ್ಲ ಎಲ್‌ಎಲ್‌ಸಿ ಎನ್ನುವುದು, ಬಳ್ಳಾರಿ ಜಿಲ್ಲೆ ದಾಟಿ ನಮ್ಮ ಸೀಮೆಗೆ ಬರುತ್ತದೆ. ಇದರಲ್ಲಿ ಆಂಧ್ರದ ಪಾಲು 24 ಟಿಎಂಸಿ, ನೀರು ಕೊಡಬೇಕಾದ ಜಮೀನು ಸುಮಾರು 1.51 ಲಕ್ಷ ಎಕರೆ. ಆದರೆ ನಾವಿರುವುದು ಕಾಲುವೆಯ ಬಾಲದಲ್ಲಿ. ಮೇಲಿನವರು ಎತ್ತಿಕೊಂಡದ್ದು, ಸೋರಿ ಹೋದದ್ದು ಕಳೆದು ಉಳಿದದ್ದು ನಮಗೆ. ಅಣೆಕಟ್ಟಿನ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಇದ್ದದ್ದು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಹೊಸಪೇಟೆಯವರಷ್ಟೇ ಆತಂಕ ನಮ್ಮಲ್ಲೂ ಇತ್ತು. ಒಡೆದ ಗೇಟಿನಿಂದ ಹರಿದುಹೋಗುತ್ತಿದ್ದದ್ದು ನಮ್ಮ ಹಿಂಗಾರಿನ ನೀರೂ ಹೌದು.

ಇನ್ನು ಮಗ್ಗ. ಎಮ್ಮಿಗನೂರು ಎಂದರೆ ದೇಶಕ್ಕೆಲ್ಲ ಗೊತ್ತಿದ್ದದ್ದು ಕೈಮಗ್ಗದ ಬಟ್ಟೆಯಿಂದ. ಪದ್ಮಶ್ರೀ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದಾಗ ಅದು ಬರಗಾಲಕ್ಕೆ ಒಂದು ಉತ್ತರವಾಗಿತ್ತು. ಹೊಲ ಕೈಕೊಟ್ಟ ವರ್ಷವೂ ಮಗ್ಗ ಕೂಲಿ ಕೊಡುತ್ತಿತ್ತು. ಪವರ್‌ಲೂಮ್ ಬಂದ ಮೇಲೆ, ನೂಲಿನ ಬೆಲೆ ಏರಿದ ಮೇಲೆ ದೇಶದ ಎಲ್ಲ ನೇಕಾರ ಊರುಗಳಲ್ಲಿ ಆದದ್ದೇ ಇಲ್ಲೂ ಆಯಿತು. ಕುರ್ನಿ, ಪದ್ಮಶಾಲಿ ಮನೆಗಳ ಹುಡುಗರು ಮಗ್ಗದ ಗುಂಡಿಯಿಂದ ಎದ್ದು ಬೇರೆ ಕೆಲಸ ಹುಡುಕಿದರು. ಅವರಲ್ಲಿ ಕನ್ನಡ ಮನೆಮಾತಿನವರೂ ಇದ್ದರು, ತೆಲುಗಿನವರೂ ಇದ್ದರು.

ಹೀಗೆ ನೋಡಿದರೆ ನಮ್ಮ ಬಡತನದ ದೊಡ್ಡ ಪಾಲು ನೆಲದ್ದು, ನೀರಿನದ್ದು. ಇದನ್ನು ನಾವು ಒಪ್ಪಿಕೊಳ್ಳಬೇಕು. 2011ರ ಜನಗಣತಿಯಲ್ಲಿ ಕರ್ನೂಲು ಜಿಲ್ಲೆಯ ಸಾಕ್ಷರತೆ ಶೇ. 60ರ ಹತ್ತಿರ ಇತ್ತು. ಅದು ಕನ್ನಡಿಗರ ಲೆಕ್ಕವಲ್ಲ, ಎಲ್ಲರ ಲೆಕ್ಕ. ಕಾಲುವೆ ನೀರಿನ ವಿಷಯದಲ್ಲಿ, ವಲಸೆಯ ವಿಷಯದಲ್ಲಿ ನಾವು ತೆಲುಗು ಬಂಧುಗಳ ಜೊತೆ ನಿಂತು ಕೇಳಬೇಕೇ ಹೊರತು ಬೇರೆಯಾಗಿ ಅಲ್ಲ.

ಭಾಷೆ ಎಲ್ಲಿ ಅಡ್ಡ ಬರುತ್ತದೆ?

ಹಾಗಾದರೆ ಭಾಷೆಯ ಪಾಲು ಏನೂ ಇಲ್ಲವೇ? ಇದೆ. ಆದರೆ ಅದು ಸಂತೆಯಲ್ಲಿ ಅಥವಾ ಹೊಲದಲ್ಲಿ ಕಾಣುವುದಿಲ್ಲ. ನಮ್ಮ ಗಂಡಸರಲ್ಲಿ ಬಹುತೇಕರು ತೆಲುಗು ಚೆನ್ನಾಗಿ ಮಾತಾಡುತ್ತಾರೆ. ನೀಲಕಂಠೇಶ್ವರನ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಯಾರದು ಯಾವ ಭಾಷೆ ಎಂದು ಯಾರೂ ಕೇಳುವುದಿಲ್ಲ. ಲಿಪಿಯೂ ದಾಯಾದಿ ಲಿಪಿಯೇ. ತಲೆಕಟ್ಟು ಸ್ವಲ್ಪ ಬೇರೆ, ಒಂದು ತಿಂಗಳು ಕೂತರೆ ಕನ್ನಡ ಬಲ್ಲವನು ತೆಲುಗು ಓದಿಯಾನು.

ಭಾಷೆ ಅಡ್ಡ ಬರುವುದು ಕೆಲವು ಬಾಗಿಲುಗಳಲ್ಲಿ ಮಾತ್ರ.

ಮೊದಲನೆಯದು ಒಂದನೇ ತರಗತಿಯ ಬಾಗಿಲು. ಆರು ವರ್ಷದ ಮಗು ಮನೆಯಲ್ಲಿ ಕೇಳಿದ್ದು ಕನ್ನಡ. ಅದಕ್ಕೆ ಲೆಕ್ಕವನ್ನು, ಪರಿಸರ ಪಾಠವನ್ನು ಗೊತ್ತಿಲ್ಲದ ಭಾಷೆಯಲ್ಲಿ ಹೇಳಿದರೆ ಅದು ಬಾಯಿಪಾಠ ಮಾಡುತ್ತದೆ. ಓದಿದ ಮನೆಯ ಮಗುವಾದರೆ ಸಂಜೆ ತಾಯಿ ಹೇಳಿಕೊಡುತ್ತಾಳೆ. ತಾಯಿಯೇ ಗುಂಟೂರಿನಲ್ಲಿದ್ದರೆ ಹೇಳಿಕೊಡುವವರು ಯಾರು? ಸುಗ್ಗಿಯಿಂದ ನಾಲ್ಕು ತಿಂಗಳು ಪಾಠ ತಪ್ಪಿಸಿಕೊಂಡ ಮಗುವಿಗೆ ಅರ್ಥವಾಗದ ಭಾಷೆಯೂ ಸೇರಿದರೆ ಮತ್ತೆ ಹಿಡಿಯುವುದು ಕಷ್ಟ. ನೆಲದ ಬಡತನಕ್ಕೆ ಭಾಷೆಯ ಬಡತನ ಸೇರುವುದು ಇಲ್ಲೇ.

ಎರಡನೆಯದು ಹತ್ತನೇ ತರಗತಿಯ ಆಚೆಯ ಬಾಗಿಲು. ಆಂಧ್ರದಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ ಇದೆ, ಪಠ್ಯಪುಸ್ತಕವನ್ನೂ ಸರ್ಕಾರವೇ ಅಚ್ಚು ಹಾಕಿಸುತ್ತದೆ. ಆದರೆ ಅದರಾಚೆ ದಾರಿ ಕಿರಿದು. ಆಂಧ್ರ ಲೋಕಸೇವಾ ಆಯೋಗದ ಪರೀಕ್ಷೆಗಳು ಇಂಗ್ಲಿಷ್ ಮತ್ತು ತೆಲುಗಿನಲ್ಲಿ ನಡೆಯುತ್ತವೆ. ಕನ್ನಡದಲ್ಲಿ ಓದಿದವನಿಗೆ ನೇರವಾಗಿ ಉಪಯೋಗವಾಗುವುದು ಶಿಕ್ಷಕರ ಹುದ್ದೆ. ಟೆಟ್ ಪರೀಕ್ಷೆಯಲ್ಲಿ ಮೊದಲ ಭಾಷೆಯಾಗಿ ಕನ್ನಡ ಆರಿಸಿಕೊಳ್ಳಬಹುದು. ಆದರೆ ಕನ್ನಡ ಶಾಲೆಗಳು ಕಡಿಮೆಯಾದಷ್ಟೂ ಆ ಹುದ್ದೆಗಳೂ ಕಡಿಮೆಯಾಗುತ್ತವೆ. ಕಾಸರಗೋಡಿನ ಕನ್ನಡಿಗರಿಗೆ ಇದಕ್ಕಿಂತ ಸ್ವಲ್ಪ ಅನುಕೂಲ ಇದೆ. ಅಲ್ಲಿ ಕೇರಳ ಲೋಕಸೇವಾ ಆಯೋಗ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಕೆಲವು ಗುಮಾಸ್ತ ಹುದ್ದೆಗಳನ್ನು ಕರೆಯುತ್ತದೆ. ಎರಡು ಭಾಷೆ ಬಲ್ಲವನು ಅಲ್ಲಿ ಅರ್ಹನಾಗುತ್ತಾನೆ. ನಮ್ಮಲ್ಲಿ ಅದೇ ಹುಡುಗನ ಎರಡನೇ ಭಾಷೆ ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯದು ಹೆಣ್ಣುಮಕ್ಕಳ ಬಾಗಿಲು. ರಾಯಚೂರು, ಸಿರುಗುಪ್ಪ ಕಡೆಯಿಂದ ಸೊಸೆಯಾಗಿ ಬಂದವಳಿಗೆ ತೆಲುಗು ಬರುವುದಿಲ್ಲ. ಡ್ವಾಕ್ರಾ ಸಂಘದ ಲೆಕ್ಕದ ಪುಸ್ತಕ ತೆಲುಗು, ಆಸ್ಪತ್ರೆಯ ಚೀಟಿ ತೆಲುಗು ಇಲ್ಲವೇ ಇಂಗ್ಲಿಷ್, ಸಚಿವಾಲಯದಲ್ಲಿ ಅರ್ಜಿ ತೆಲುಗು. ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆ ಎಂದು ಇನ್ನೊಬ್ಬರು ಓದಿ ಹೇಳಬೇಕು. ಓದಿ ಹೇಳುವವರು ಒಳ್ಳೆಯವರಾದರೆ ಸರಿ, ಇಲ್ಲದಿದ್ದರೆ ಸಾಲದ ಕಂತು ಕಟ್ಟಿದ್ದೂ ಗೊತ್ತಾಗುವುದಿಲ್ಲ, ಕಟ್ಟದ್ದೂ ಗೊತ್ತಾಗುವುದಿಲ್ಲ.

ಗಡಿಯ ಆಚೆ ಅಕ್ಕ, ಈಚೆ ತಂಗಿ

ಭಾಷೆಗಿಂತ ದೊಡ್ಡ ಅಂತರವೊಂದು ಕಾಗದದಲ್ಲಿದೆ. ಅದನ್ನು ತಿಳಿಯಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಾಲ್ಮೀಕಿ ಸಮಾಜದ ಅಕ್ಕ ತಂಗಿಯರಲ್ಲಿ ಅಕ್ಕನನ್ನು ಸಿರುಗುಪ್ಪ ತಾಲೂಕಿನ ಹಳ್ಳಿಗೆ ಕೊಟ್ಟಿದ್ದಾರೆ, ತಂಗಿಯನ್ನು ಕೌತಾಳಂ ಮಂಡಲದ ಹಳ್ಳಿಗೆ ಕೊಟ್ಟಿದ್ದಾರೆ ಎನ್ನಿ. ಇಬ್ಬರ ಗಂಡಂದಿರಿಗೂ ಮೂರು ಮೂರು ಎಕರೆ ಎರೆ ಹೊಲ. ಇಬ್ಬರ ಮನೆಮಾತೂ ಕನ್ನಡ. ಇಬ್ಬರ ಮಕ್ಕಳೂ ಹತ್ತನೇ ತರಗತಿ ಪಾಸಾಗಿದ್ದಾರೆ.

ಅಕ್ಕನ ಮಗ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವನು. ಬೇಡ, ನಾಯಕ, ವಾಲ್ಮೀಕಿ ಹೆಸರುಗಳು 1991ರಲ್ಲಿ ಅಲ್ಲಿನ ಪಟ್ಟಿಗೆ ಸೇರಿದವು. 2022ರಲ್ಲಿ ಕರ್ನಾಟಕ ಪರಿಶಿಷ್ಟ ಪಂಗಡದ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಿತು. ಜೊತೆಗೆ ಬಳ್ಳಾರಿ ಜಿಲ್ಲೆ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಯಲ್ಲಿದೆ. ಆ ಭಾಗದ ಸರ್ಕಾರಿ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ. 75ರಿಂದ 85ರಷ್ಟು ಸ್ಥಳೀಯರಿಗೆ ಮೀಸಲು, ರಾಜ್ಯದ ಉಳಿದ ಕಡೆ ಶೇ. 8. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.

ತಂಗಿಯ ಮಗ ಆಂಧ್ರದಲ್ಲಿ ಬೋಯ, ಅಂದರೆ ಹಿಂದುಳಿದ ವರ್ಗ ಎ ಗುಂಪಿನವನು. ಆ ಗುಂಪಿಗೆ ಶೇ. 7 ಮೀಸಲಾತಿ ಇದೆ, ಆದರೆ ಅದರಲ್ಲಿ ಹತ್ತಾರು ಜಾತಿಗಳು ಹಂಚಿಕೊಳ್ಳಬೇಕು. ಆಂಧ್ರದಲ್ಲಿ ವಾಲ್ಮೀಕಿಗಳು ಪರಿಶಿಷ್ಟ ಪಂಗಡದವರಾಗುವುದು ಏಜೆನ್ಸಿ ಪ್ರದೇಶಗಳಲ್ಲಿ ಮಾತ್ರ. ರಾಯಲಸೀಮೆಯ ಬೋಯರನ್ನೂ ಸೇರಿಸಬೇಕು ಎಂದು ಆಂಧ್ರ ವಿಧಾನಸಭೆ 2017ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಿತು. ಪಟ್ಟಿ ಬದಲಿಸುವ ಅಧಿಕಾರ ಇರುವುದು ಸಂಸತ್ತಿಗೆ.

ತಂಗಿಯ ಮಗನಿಗೆ ಏನೂ ಇಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಆಂಧ್ರಕ್ಕೆ 371ಡಿ ವಿಧಿ ಇದೆ. 1975ರ ರಾಷ್ಟ್ರಪತಿ ಆದೇಶದ ಪ್ರಕಾರ ಅವನು ಕರ್ನೂಲು ಜಿಲ್ಲೆಯ ಸ್ಥಳೀಯ ಅಭ್ಯರ್ಥಿ. ಅವನು ಕನ್ನಡಿಗ ಎಂಬ ಕಾರಣಕ್ಕೆ ಆ ಹಕ್ಕನ್ನು ಯಾರೂ ಕಸಿಯಲಾಗದು. ಅವನಿಗೆ ಬೇಕಾದದ್ದು ಪರೀಕ್ಷೆ ಗೆಲ್ಲುವಷ್ಟು ತೆಲುಗು ಅಥವಾ ಇಂಗ್ಲಿಷ್. ಅದನ್ನು ಅವನ ಶಾಲೆ ಕೊಟ್ಟಿದೆಯೇ ಎಂಬುದೇ ಪ್ರಶ್ನೆ.

ಒಂದೇ ಹೊಲ, ಒಂದೇ ರಕ್ತ, ಒಂದೇ ಮಾತು. ನಡುವೆ ಇರುವುದು 1953ರ ಗೆರೆ. ಇದು ಯಾರೋ ಒಬ್ಬರು ಕನ್ನಡಿಗರ ಮೇಲಿನ ದ್ವೇಷದಿಂದ ಮಾಡಿದ್ದಲ್ಲ. ಎರಡು ರಾಜ್ಯಗಳು ತಮ್ಮ ತಮ್ಮ ಪಟ್ಟಿಗಳನ್ನು ತಮ್ಮ ತಮ್ಮ ಲೆಕ್ಕದಲ್ಲಿ ಬರೆದುಕೊಂಡವು. ಗಡಿಯಲ್ಲಿ ಇರುವವರ ಲೆಕ್ಕ ಎರಡು ಕಡೆಯೂ ತಪ್ಪಿತು.

ಚೀನಾದಲ್ಲಿಯೂ ಇದೇ ಪ್ರಶ್ನೆ

ಇದು ನಮ್ಮೊಬ್ಬರ ಕಥೆಯಲ್ಲ ಎಂದು ತಿಳಿಯಲು ದೂರದ ಚೀನಾವನ್ನು ಸ್ವಲ್ಪ ನೋಡಬಹುದು. ಅಲ್ಲಿ 2020ರ ಜನಗಣತಿಯಂತೆ ಹಾನ್ ಜನ ಶೇ. 91ಕ್ಕಿಂತ ಹೆಚ್ಚು. ಉಳಿದ ಶೇ. 9ರಷ್ಟರಲ್ಲಿ ಸರ್ಕಾರ ಗುರುತಿಸಿದ 55 ಅಲ್ಪಸಂಖ್ಯಾತ ಜನಾಂಗಗಳಿವೆ: ಝುವಾಂಗ್, ಉಯ್ಗುರ್, ಹುಯಿ, ಟಿಬೆಟನ್, ಮಂಗೋಲ್, ಯಿ ಮುಂತಾದವರು. ಅವರ ಸಂಖ್ಯೆ 12 ಕೋಟಿಗೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಇರುವುದು ಪಶ್ಚಿಮದ ಬೆಟ್ಟ, ಮರುಭೂಮಿ, ಗಡಿ ಪ್ರದೇಶಗಳಲ್ಲಿ. ಕಾರ್ಖಾನೆ, ಬಂದರು, ಹಣ ಇರುವುದು ಪೂರ್ವದ ಕಡಲ ತೀರದಲ್ಲಿ. ಹಾಗಾಗಿ ಅಲ್ಲಿಯೂ ಅಂತರದ ದೊಡ್ಡ ಪಾಲು ಮೊದಲು ನೆಲದ್ದೇ. ಆ ಸರ್ಕಾರ ಬಡತನದ ಪಟ್ಟಿಗೆ ಸೇರಿಸಿದ್ದ 832 ಕೌಂಟಿಗಳಲ್ಲಿ, ಅಂದರೆ ನಮ್ಮ ತಾಲೂಕಿನಂಥ ಘಟಕಗಳಲ್ಲಿ, ಅರ್ಧದಷ್ಟು ಅಲ್ಪಸಂಖ್ಯಾತರ ಸ್ವಾಯತ್ತ ಪ್ರದೇಶಗಳಲ್ಲಿದ್ದವು.

2000ದ ಹೊತ್ತಿಗೆ ಪಶ್ಚಿಮದ ಅಭಿವೃದ್ಧಿಗೆ ದೊಡ್ಡ ಯೋಜನೆ ಹಾಕಿ ರಸ್ತೆ, ರೈಲು, ವಿದ್ಯುತ್ತು ತಂದರು. ಕಡುಬಡತನ ಮುಗಿಯಿತು ಎಂದು 2021ರ ಫೆಬ್ರವರಿಯಲ್ಲಿ ಘೋಷಿಸಿದರು. ರಸ್ತೆ ಬಂದ ಮೇಲೆ ಉಳಿದ ಅಂತರ ಭಾಷೆಯದ್ದು ಮತ್ತು ಕಾಗದದ್ದು. ಒಳ್ಳೆಯ ಕೆಲಸ ಸಿಗಬೇಕಾದರೆ ಹಾನ್ ಜನರ ಚೀನೀ ಭಾಷೆ ಬೇಕು. ಹಳ್ಳಿಯಿಂದ ನಗರಕ್ಕೆ ದುಡಿಯಲು ಹೋದವರಿಗೆ ಅಲ್ಲಿ ಹುಕೌ ಎಂಬ ಹುಟ್ಟೂರಿನ ದಾಖಲೆ ಅಡ್ಡಿ. ಆ ದಾಖಲೆ ಊರಲ್ಲೇ ಇದ್ದರೆ ನಗರದಲ್ಲಿ ಮಕ್ಕಳಿಗೆ ಶಾಲೆ ಸಿಗುವುದು ಕಷ್ಟ. ನಮ್ಮ ಸುಗ್ಗಿಯ ಮಕ್ಕಳ ಪಾಡಿಗೆ ಇದು ಬಹಳ ಹತ್ತಿರ.

ಭಾಷೆಯ ಅಂತರ ಕಳೆಯಲು ಚೀನಾ ಹಿಡಿದ ದಾರಿ ಒಂದೇ ಭಾಷೆಯದ್ದು. 2020ರಲ್ಲಿ ಒಳ ಮಂಗೋಲಿಯಾದ ಮಂಗೋಲ್ ಶಾಲೆಗಳಲ್ಲಿ ಭಾಷೆ, ರಾಜಕೀಯ, ಇತಿಹಾಸ ಪಾಠಗಳನ್ನು ಚೀನೀ ಭಾಷೆಗೆ ಬದಲಿಸಲು ಹೊರಟಾಗ ತಂದೆತಾಯಿಗಳು ಮಕ್ಕಳನ್ನು ಶಾಲೆಗೆ ಕಳಿಸದೆ ಪ್ರತಿಭಟಿಸಿದರು. ಆದರೂ ಬದಲಾವಣೆ ನಿಲ್ಲಲಿಲ್ಲ. ನಮ್ಮಲ್ಲಿಯೂ 2019ರಲ್ಲಿ ಆಂಧ್ರದ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತರುವ ಆದೇಶ ಬಂದಿತ್ತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಸರ್ಕಾರದ ಆದೇಶವನ್ನು ಪ್ರಶ್ನಿಸಲು ನಮಗೆ ಒಂದು ಕೋರ್ಟು, ಒಂದು ಸಂವಿಧಾನ ಇದೆ. ಇದನ್ನು ನಾವು ಮರೆಯಬಾರದು, ಉಪಯೋಗಿಸದೆಯೂ ಇರಬಾರದು.

ನಮ್ಮೊಳಗಿನ ಅಂತರ

ಇಲ್ಲಿ ಒಂದು ಕಹಿ ಮಾತನ್ನು ನಾವೇ ಹೇಳಿಕೊಳ್ಳಬೇಕು. ನವೆಂಬರ್ 1ರಂದು ಧ್ವಜ ಹಾರಿಸುವ ನಮ್ಮಲ್ಲಿ ಎಷ್ಟು ಜನರ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿದ್ದಾರೆ? ನೌಕರಿಯಲ್ಲಿರುವವರು, ಅಂಗಡಿ ಇರುವವರು, ಹತ್ತಿಪ್ಪತ್ತು ಎಕರೆ ಇರುವವರು ಮಕ್ಕಳನ್ನು ಎಮ್ಮಿಗನೂರು, ಆದೋನಿ, ಬಳ್ಳಾರಿಯ ಇಂಗ್ಲಿಷ್ ಶಾಲೆಗಳಿಗೆ ಕಳಿಸಿದ್ದೇವೆ. ತಪ್ಪೆಂದು ಹೇಳುತ್ತಿಲ್ಲ, ತಂದೆತಾಯಿಗೆ ಮಗುವಿನ ಭವಿಷ್ಯ ಮುಖ್ಯ. ಆದರೆ ಇದರ ಫಲವಾಗಿ ಹಳ್ಳಿಯ ಕನ್ನಡ ಶಾಲೆಯಲ್ಲಿ ಉಳಿದವರು ಕೂಲಿ ಮಾಡುವವರ ಮಕ್ಕಳು. ಅವರ ಪರವಾಗಿ ಅಧಿಕಾರಿಯ ಮುಂದೆ ಹೋಗಿ ಮಾತಾಡುವ ತಂದೆತಾಯಿ ಆ ಶಾಲೆಯಲ್ಲಿ ಇಲ್ಲ, ಏಕೆಂದರೆ ಅವರು ಸುಗ್ಗಿಗೆ ಹೋಗಿದ್ದಾರೆ. ಮಾತಾಡಬಲ್ಲ ನಮಗೆ ಆ ಶಾಲೆಯ ಬಿಸಿ ತಟ್ಟುವುದಿಲ್ಲ, ಏಕೆಂದರೆ ನಮ್ಮ ಮಕ್ಕಳು ಅಲ್ಲಿಲ್ಲ.

ಪಠ್ಯಪುಸ್ತಕ ತಡವಾದಾಗ, ಕನ್ನಡ ಶಿಕ್ಷಕರ ಜಾಗ ಖಾಲಿ ಬಿದ್ದಾಗ ಕೇಳುವವರಿಲ್ಲದೆ ಹೋಗುವುದು ಹೀಗೆ. ಭಾಷೆಯ ಅಲ್ಪಸಂಖ್ಯಾತರಲ್ಲಿಯೂ ಉಳ್ಳವರು, ಇಲ್ಲದವರು ಎಂದು ಎರಡಾಗಿದ್ದೇವೆ. ಕನ್ನಡ ಉಳಿಸಬೇಕಾದ ಹೊಣೆಯನ್ನು ಊರಿನ ಅತಿ ಬಡವರ ಮಕ್ಕಳ ತಲೆಗೆ ಕಟ್ಟಿ ನಾವು ಭಾಷಣ ಮಾಡುವುದು ನ್ಯಾಯವಲ್ಲ. ಆ ಮಕ್ಕಳಿಗೆ ಕನ್ನಡದ ಜೊತೆಗೆ ಒಳ್ಳೆಯ ತೆಲುಗು, ಒಳ್ಳೆಯ ಇಂಗ್ಲಿಷೂ ಸಿಗಬೇಕು. ಕನ್ನಡದಲ್ಲಿ ಬುನಾದಿ ಗಟ್ಟಿಯಾದರೆ ಉಳಿದೆರಡು ಸುಲಭವಾಗುತ್ತವೆ ಎಂಬುದು ನಮ್ಮ ವಾದವಾಗಬೇಕೇ ಹೊರತು, ಕನ್ನಡ ಒಂದೇ ಸಾಕು ಎಂಬುದಲ್ಲ.

ಕಾಗದದಲ್ಲಿರುವ ಹಕ್ಕು, ನಾವು ಮಾಡಬಹುದಾದ ಕೆಲಸ

ಭಾಷಾ ಅಲ್ಪಸಂಖ್ಯಾತರಿಗೆ ಇರುವ ಹಕ್ಕುಗಳಲ್ಲಿ ಎರಡು ಬಗೆ. ಮೊದಲನೆಯವು ಸಂವಿಧಾನದಲ್ಲೇ ಇರುವವು. 350ನೇ ವಿಧಿಯ ಪ್ರಕಾರ ಯಾವುದೇ ವ್ಯಕ್ತಿ ತನ್ನ ಅಹವಾಲನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಬಹುದು. 1956ರಲ್ಲಿ ಸೇರಿದ 350ಎ ವಿಧಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಕೊಡಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಇರುತ್ತಾರೆ, 1957ರಿಂದ ಆ ಕಚೇರಿ ಇದೆ. ಎರಡನೆಯವು ಕೇಂದ್ರ ಮತ್ತು ರಾಜ್ಯಗಳು ಒಪ್ಪಿಕೊಂಡ ನಿಯಮಗಳು. ಇವು ಕಾನೂನಿನಷ್ಟು ಗಟ್ಟಿಯಲ್ಲ, ಆದರೆ ಅರ್ಜಿಯಲ್ಲಿ ಎತ್ತಿ ತೋರಿಸಬಹುದಾದ ಆಧಾರ. ಇವನ್ನು ಇಟ್ಟುಕೊಂಡು ನಾವು ಮಾಡಬಹುದಾದ ಕೆಲಸಗಳು ಇವು.

ಒಂದು, ಮಕ್ಕಳ ಪಟ್ಟಿ. ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು ಎಂಬುದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದ ತೀರ್ಮಾನ. ಹತ್ತು ಮಕ್ಕಳು ಇದ್ದಾರೆ ಎಂದು ತೋರಿಸಬೇಕಾದವರು ನಾವು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಕೇಳಿದರೆ ತಡವಾಗುತ್ತದೆ. ಯುಗಾದಿಗೆ ಎಲ್ಲರೂ ಸುಗ್ಗಿಯಿಂದ ಊರಿಗೆ ಬಂದಿರುತ್ತಾರೆ. ಆ ವಾರವೇ ಮನೆಮನೆಗೆ ಹೋಗಿ ಮಗುವಿನ ಹೆಸರು, ವಯಸ್ಸು, ತಂದೆತಾಯಿಯ ಸಹಿ ತೆಗೆದುಕೊಂಡು ಎಂಇಓ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.

ಎರಡು, ಜನಗಣತಿ. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಎಣಿಕೆಯ ದಿನವಾಗಿ ಕೇಂದ್ರ ಗೊತ್ತುಮಾಡಿದೆ. ಮಾತೃಭಾಷೆ ಯಾವುದು ಎಂದು ಕೇಳಿದಾಗ "ತೆಲುಗು ಅಂತ ಬರಕೊಳ್ರಿ ಸಾರ್, ಏನಾತು" ಎಂದುಬಿಡುವ ಅಭ್ಯಾಸ ನಮ್ಮಲ್ಲಿದೆ. ಮನೆಮಾತು ಕನ್ನಡವಾಗಿದ್ದರೆ ಕನ್ನಡ ಎಂದೇ ಹೇಳಿ. ಒಂದು ಪಟ್ಟಣದಲ್ಲೋ ತಾಲೂಕಿನಂಥ ಪ್ರದೇಶದಲ್ಲೋ ಒಂದು ಭಾಷೆಯವರು ಶೇ. 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಕೊಡಬೇಕೆಂಬುದು ಒಪ್ಪಿತ ನಿಯಮಗಳಲ್ಲಿ ಒಂದು. ಜಿಲ್ಲೆ ಚಿಕ್ಕದಾದ ಮೇಲೆ ನಮ್ಮ ಪ್ರಮಾಣ ಹೆಚ್ಚಾಗಿದೆ ಎಂದು ಮೊದಲು ಹೇಳಿದ್ದು ಇದಕ್ಕೇ. ಲೆಕ್ಕದಲ್ಲಿ ಇಲ್ಲದವರ ಅರ್ಜಿಗೆ ಬೆಲೆ ಇರುವುದಿಲ್ಲ. ಸುಗ್ಗಿಗೆ ಹೋದವರ ಎಣಿಕೆ ತಪ್ಪದಂತೆಯೂ ನೋಡಿಕೊಳ್ಳಬೇಕು, ಏಕೆಂದರೆ ಮಾರ್ಚ್ ಎಂದರೆ ಊರು ಖಾಲಿ ಇರುವ ತಿಂಗಳು.

ಮೂರು, ಸುಗ್ಗಿಯ ಮಕ್ಕಳಿಗೆ ವಸತಿ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಲಸೆ ಹೋಗುವವರ ಮಕ್ಕಳಿಗೆ ಹಂಗಾಮಿ ಹಾಸ್ಟೆಲು ನಡೆಸಲು ಅವಕಾಶವಿದೆ. ಮೇಸ್ತ್ರಿಯ ಲಾರಿ ಬರುವ ಮುಂಚೆ, ದಸರೆಯ ಹೊತ್ತಿಗೇ, ಯಾವ ಊರಲ್ಲಿ ಎಷ್ಟು ಮಕ್ಕಳು ಹೋಗಲಿದ್ದಾರೆ ಎಂದು ಶಾಲಾ ಸಮಿತಿಯ ಮೂಲಕ ಬರೆದುಕೊಡಬೇಕು. ಬೇರೆ ಊರಿನಲ್ಲಿ ಸೇರಿಸುವುದಾದರೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ.

ನಾಲ್ಕು, ಸಂಜೆ ತರಗತಿ. ಹತ್ತನೇ ತರಗತಿ ಮುಗಿಸಿದ ಕನ್ನಡ ಮಾಧ್ಯಮದ ಮಕ್ಕಳಿಗೆ ಬೇಸಿಗೆಯಲ್ಲಿ ಎರಡು ತಿಂಗಳು ತೆಲುಗು ಓದು ಬರಹ, ಇಂಗ್ಲಿಷ್ ಕಲಿಸುವುದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ನಿವೃತ್ತ ಶಿಕ್ಷಕರು ನಮ್ಮ ಊರುಗಳಲ್ಲಿದ್ದಾರೆ. ಡ್ವಾಕ್ರಾ ಸಂಘದ ಅಕ್ಕಂದಿರಿಗೆ ಲೆಕ್ಕದ ಪುಸ್ತಕ ಓದುವಷ್ಟು ತೆಲುಗು ಕಲಿಸುವುದೂ ಅದೇ ತರಗತಿಯಲ್ಲಿ ಆಗಬಹುದು.

ಐದು, ಕರ್ನಾಟಕದ ಕಡೆಯ ಅವಕಾಶಗಳು. ಕರ್ನಾಟಕವು ವೃತ್ತಿಶಿಕ್ಷಣದ ಪ್ರವೇಶದಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಅವಕಾಶ ಇಟ್ಟಿದೆ. 2010ರ ಕಾಯ್ದೆಯಿಂದ ಬಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಎಷ್ಟು ವರ್ಷ ಎಲ್ಲಿ ಓದಿರಬೇಕು, ಕನ್ನಡ ಪರೀಕ್ಷೆ ಯಾವಾಗ, ಯಾವ ಪ್ರದೇಶದವರು ಯಾವ ಕಲಮಿನಲ್ಲಿ ಬರುತ್ತಾರೆ ಎಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲಿ ಓದಿ ಅರ್ಜಿ ಹಾಕಬೇಕು. ಶಾಲೆಯ ಅಧ್ಯಯನ ಪ್ರಮಾಣಪತ್ರಗಳನ್ನು ಒಂದನೇ ತರಗತಿಯಿಂದಲೇ ಜೋಪಾನ ಮಾಡಿಡಿ.

ಈ ಐದರಲ್ಲಿ ಯಾವುದೂ ಮಳೆ ತರಿಸುವುದಿಲ್ಲ, ಕಾಲುವೆಯ ಬಾಲಕ್ಕೆ ನೀರು ಮುಟ್ಟಿಸುವುದಿಲ್ಲ. ಅದಕ್ಕೆ ಎಲ್ಲ ಭಾಷೆಯವರೂ ಸೇರಿ ಮಾಡಬೇಕಾದ ಹೋರಾಟ ಬೇರೆ ಇದೆ. ಆದರೆ ತೆಲುಗು ನೆರೆಯವರ ಮಗುವಿಗೆ ಇಲ್ಲದ ಒಂದು ಹೆಚ್ಚಿನ ಹೊರೆ ನಮ್ಮ ಕೂಲಿಕಾರರ ಮಗುವಿನ ಮೇಲಿದೆ. ಅದನ್ನು ಇಳಿಸುವುದು ನಮ್ಮ ಕೈಯಲ್ಲಿದೆ.

ಯುಗಾದಿಯ ವಾರದಲ್ಲಿ ಮಕ್ಕಳ ಪಟ್ಟಿ ಮಾಡಲು ಪ್ರತಿ ಊರಿನಿಂದ ಇಬ್ಬರು ಬೇಕು. ಒಬ್ಬರು ಓದಿದವರಿರಲಿ, ಒಬ್ಬರು ಸುಗ್ಗಿಗೆ ಹೋಗಿ ಬಂದ ಮನೆಯವರಿರಲಿ. ಸಂಘದ ಮುಂದಿನ ಸಭೆಗೆ ಬರುವಾಗ ನಿಮ್ಮ ಊರಿನ ಆ ಇಬ್ಬರ ಹೆಸರು ತೆಗೆದುಕೊಂಡು ಬನ್ನಿ.

 ಸಿರಿಗನ್ನಡಂ ಗೆಲ್ಗೆ.